ಮೂರು ಲ್ಯಾಬ್ರಡಾರ್, ಮೂರು ದಾರಿ: ಮರಿಯನ್ನು ಎಲ್ಲಿಂದ ತಂದರೆ ಏನಾಯಿತು

ನಮ್ಮ ಮನೆಗೆ ಇದುವರೆಗೆ ಮೂರು ಲ್ಯಾಬ್ರಡಾರ್ ಮರಿಗಳು ಬಂದಿವೆ. ಮೊದಲನೆಯವನು ಗುಂಡ, ಜಾಹೀರಾತು ನೋಡಿ ತಂದವನು. ಎರಡನೆಯವಳು ಚುಕ್ಕಿ, ಪರಿಚಯದವರ ಮನೆಯಲ್ಲಿ ಹುಟ್ಟಿದವಳು. ಮೂರನೆಯವನು ಕರಿಯ, 11 ತಿಂಗಳು ಕಾದು ಬ್ರೀಡರ್ ಒಬ್ಬರಿಂದ ತಂದವನು. ತಳಿ ಒಂದೇ, ಮನೆ ಒಂದೇ, ಸಾಕಿದವರೂ ನಾವೇ. ಹಾಗಾಗಿ ಹೋಲಿಸಿ ಮಾತಾಡುವುದಕ್ಕೆ ನನಗೆ ಸ್ವಲ್ಪ ಹಕ್ಕಿದೆ ಅಂದುಕೊಂಡಿದ್ದೇನೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಮೂರೂ ಮರಿಗಳು ಬಂದ ದಿನ ಒಂದೇ ಥರ ಮುದ್ದಾಗಿದ್ದವು. ಲ್ಯಾಬ್ ಮರಿಯ ಮುಖ ನೋಡಿ ಅದರ ಹಣೆಬರಹ ಹೇಳುವ ಶಕ್ತಿ ನನಗಂತೂ ಇಲ್ಲ, ನಿಮಗೂ ಇರಲಾರದು.

ಗುಂಡ: ಫೋನ್ ಮಾಡಿದ ಮರುದಿನವೇ ಬಾಗಿಲಿಗೆ

ಸುಲಭ ಅನ್ನುವ ಲೆಕ್ಕದಲ್ಲಿ ಈ ದಾರಿಯನ್ನು ಮೀರಿಸುವುದು ಬೇರೆ ಇಲ್ಲ. ಫೋನ್ ಮಾಡಿದೆ. "ಯಾವ ಬಣ್ಣ, ಗಂಡಾ ಹೆಣ್ಣಾ?" ಅಂತ ಕೇಳಿದರು. ಅಷ್ಟೇ ಪ್ರಶ್ನೆ. ಲ್ಯಾಬ್ ಬೇಡ ಅಂದರೆ ಇನ್ನೂ ಐದಾರು ತಳಿಯ ಮರಿಗಳು ರೆಡಿ ಇವೆ ಅಂದರು. ಈಗ ಯಾರಾದರೂ ಹಾಗೆ ಹೇಳಿದರೆ ನನ್ನ ಕಿವಿ ನಿಮಿರುತ್ತದೆ. ವರ್ಷವಿಡೀ ಐದಾರು ತಳಿಯ ಮರಿಗಳು ಸಿಗಬೇಕು ಅಂದರೆ ಎಷ್ಟು ತಾಯಿನಾಯಿಗಳು ಎಲ್ಲೆಲ್ಲಿ ಕೂಡಿಹಾಕಿಸಿಕೊಂಡಿರಬೇಕು, ಯೋಚನೆ ಮಾಡಿ. ಆಗ ನನಗೆ ಅದೇನೂ ಹೊಳೆಯಲಿಲ್ಲ. ತಾಯಿಯನ್ನು ನೋಡಬಹುದಾ ಅಂದಿದ್ದಕ್ಕೆ "ಅದು ದೂರದಲ್ಲಿದೆ, ನಿಮಗ್ಯಾಕೆ ತೊಂದರೆ, ನಾವೇ ಮನೆಗೆ ತಂದುಕೊಡ್ತೀವಿ" ಅಂದರು. ಎಂಥ ಒಳ್ಳೆಯವರು ಅನ್ನಿಸಿತು!

ಗುಂಡ ರಟ್ಟಿನ ಡಬ್ಬಿಯಲ್ಲಿ ಬಂದ. ಜೊತೆಗೆ ವಂಶಾವಳಿಯ ಒಂದು ಸರ್ಟಿಫಿಕೇಟು. ಎಂಟು ವಾರ ತುಂಬಿದೆ, ಎಲ್ಲಾ ಲಸಿಕೆ ಮುಗಿದಿದೆ ಅಂತ ಬಾಯಿಮಾತು. ಮರುದಿನ ಡಾಕ್ಟರ್ ಅವನ ಬಾಯಿ ಅಗಲಿಸಿ ಹಿಂದಿನ ಒಸಡನ್ನು ಬೆರಳಲ್ಲಿ ಸವರಿದರು. ನಾಯಿಮರಿಗೆ ಒಟ್ಟು 28 ಹಾಲುಹಲ್ಲು. ಎಂಟು ವಾರದ ಹೊತ್ತಿಗೆ ಅವೆಲ್ಲ ಬಂದಿರುತ್ತವೆ. ಇವನಿಗೆ ಹಿಂದಿನವು ಇನ್ನೂ ಒಸಡು ಸೀಳಿರಲಿಲ್ಲ. "ಐದು ವಾರ ಇರಬಹುದು, ಅಷ್ಟೇ. ತಾಯಿ ಹಾಲು ಬಿಡಿಸಿ ತಂದಿದ್ದಾರೆ" ಅಂದರು. ಲಸಿಕೆಯ ಮಾತಿಗೆ ಅವರು ನಕ್ಕೇಬಿಟ್ಟರು. ತಾಯಿಯಿಂದ ಬಂದ ರೋಗನಿರೋಧಕ ಶಕ್ತಿ ಮರಿಯ ರಕ್ತದಲ್ಲಿ ಇರುವಷ್ಟು ದಿನ ಲಸಿಕೆ ಸರಿಯಾಗಿ ಹತ್ತುವುದಿಲ್ಲ. ಆ ಶಕ್ತಿ ಯಾವ ಮರಿಯಲ್ಲಿ ಯಾವಾಗ ಇಳಿಯುತ್ತದೆ ಅಂತ ಹೊರಗಿನಿಂದ ಗೊತ್ತಾಗುವುದಿಲ್ಲ. ಅದಕ್ಕೇ ಆರರಿಂದ ಎಂಟು ವಾರಕ್ಕೆ ಶುರು ಮಾಡಿ, 16 ವಾರದವರೆಗೆ ಕೆಲವು ವಾರಕ್ಕೊಮ್ಮೆ ಮತ್ತೆ ಮತ್ತೆ ಕೊಡುವುದು. ಎಂಟು ವಾರದ ಮರಿಗೆ "ಎಲ್ಲಾ ಲಸಿಕೆ ಮುಗಿದಿದೆ" ಅಂತ ಯಾರಾದರೂ ಹೇಳಿದರೆ ಅದು ಸುಳ್ಳು, ಅಥವಾ ಅವರಿಗೆ ವಿಷಯವೇ ಗೊತ್ತಿಲ್ಲ.

ನಾಲ್ಕನೇ ದಿನ ಗುಂಡ ಏಳಲಿಲ್ಲ. ವಾಂತಿ, ಆಮೇಲೆ ರಕ್ತ ಬೆರೆತ ಭೇದಿ. ಪಾರ್ವೊ, ಮರಿಗಳ ಕರುಳನ್ನು ಹಾಳುಮಾಡುವ ವೈರಸ್ ಕಾಯಿಲೆ. ಆ ವಾಸನೆ ಒಮ್ಮೆ ಮೂಗಿಗೆ ಬಡಿದರೆ ಜನ್ಮದಲ್ಲಿ ಮರೆಯುವುದಿಲ್ಲ. ವೈರಸ್ ಹೊಕ್ಕ ಮೇಲೆ ಲಕ್ಷಣ ಕಾಣಿಸಲು ಸಾಮಾನ್ಯವಾಗಿ ಮೂರರಿಂದ ಏಳು ದಿನ ಬೇಕು. ನಮ್ಮ ಮನೆಯಲ್ಲಿ ಅದಕ್ಕೆ ಮುಂಚೆ ನಾಯಿಯೇ ಇರಲಿಲ್ಲ, ಇವನು ಅಂಗಳಕ್ಕೂ ಇಳಿದಿರಲಿಲ್ಲ. ಅಂದಮೇಲೆ ಬರುವಾಗಲೇ ಹೊತ್ತು ತಂದಿದ್ದ. ಆರು ದಿನ ಡ್ರಿಪ್ ಹಾಕಿಸಿಕೊಂಡು ಬದುಕಿಕೊಂಡ. ಮಾರಿದವರ ನಂಬರು ಎರಡನೇ ದಿನದಿಂದಲೇ ಸ್ವಿಚ್ ಆಫ್.

ಒಂದೂವರೆ ವರ್ಷಕ್ಕೆ ಇನ್ನೊಂದು ಶುರುವಾಯಿತು. ಓಡುವಾಗ ಹಿಂದಿನ ಎರಡೂ ಕಾಲನ್ನು ಮೊಲದ ಹಾಗೆ ಒಟ್ಟಿಗೆ ಎತ್ತಿ ಇಡುತ್ತಿದ್ದ. ನಮಗೆ ಅದು ಆಟ. ಎಕ್ಸ್-ರೇ ನೋಡಿದರೆ ಸೊಂಟದ ಕೀಲು ಎರಡೂ ಕಡೆ ಹಾಳು. ಇದಕ್ಕೆ ಪೂರ್ತಿ ಮಾರಿದವರನ್ನೇ ಬೈಯುವುದು ನ್ಯಾಯವಲ್ಲ. ಸೊಂಟದ ಈ ತೊಂದರೆಯ ಹಿಂದೆ ಹಲವಾರು ಜೀನ್‌ಗಳಿವೆ. ಬೆಳೆಯುವ ವಯಸ್ಸಿನ ತೂಕಕ್ಕೂ ಅದರಲ್ಲಿ ಪಾಲಿದೆ, ನಾವು ಅವನನ್ನು ಚೆನ್ನಾಗಿ ತಿನ್ನಿಸಿದ್ದೂ ನಿಜ. ಆದರೆ ಅವನ ಅಪ್ಪ ಅಮ್ಮನ ಸೊಂಟವನ್ನು ಯಾರಾದರೂ ಒಮ್ಮೆ ಎಕ್ಸ್-ರೇ ಮಾಡಿಸಿದ್ದರಾ? ಆ ಸರ್ಟಿಫಿಕೇಟ್ ತೆಗೆದು ನೋಡಿದೆ. ಮುತ್ತಜ್ಜನ ಹೆಸರಿನವರೆಗೂ ಇತ್ತು. ಆರೋಗ್ಯದ ಬಗ್ಗೆ ಒಂದು ಸಾಲೂ ಇರಲಿಲ್ಲ. ಇಂಥ ಸರ್ಟಿಫಿಕೇಟು ಯಾರ ಮಗ ಅಂತ ಹೇಳುತ್ತದೆ, ಹೇಗಿದ್ದಾನೆ ಅಂತ ಹೇಳುವುದಿಲ್ಲ. ಗುಂಡನ ವಿಷಯದಲ್ಲಿ ಯಾರ ಮಗ ಅನ್ನುವುದೂ ನನಗೆ ಅನುಮಾನವೇ.

ಚುಕ್ಕಿ: ಅಡುಗೆಮನೆಯಲ್ಲಿ ಬೆಳೆದವಳು

ಗುಂಡ ಹೋದ ಮೇಲೆ ನಾನು ಶಪಥ ಮಾಡಿದ್ದೆ, ತಾಯಿಯನ್ನು ನೋಡದೆ ಮರಿ ತರುವುದಿಲ್ಲ ಅಂತ. ಪರಿಚಯದವರೊಬ್ಬರ ಲ್ಯಾಬ್ ಮರಿ ಹಾಕಿತು. ಗಂಡು ಅವರ ಗೆಳೆಯರ ಮನೆಯದು. "ಒಂದು ಸಲ ಮರಿ ಹಾಕಿಸೋಣ, ಪಾಪ, ಅದಕ್ಕೂ ಆಸೆ ಇರುತ್ತೆ" ಅಂತ ಮಾಡಿದ್ದು. ತಾಯಿ ಬಂಗಾರದಂಥ ನಾಯಿ. ನಾನು ಕೂತ ಕೂಡಲೇ ಬಂದು ಮೊಣಕಾಲ ಮೇಲೆ ತಲೆ ಇಟ್ಟಿತು. ಮರಿಗಳು ಅಡುಗೆಮನೆ ಮೂಲೆಯಲ್ಲಿ, ಮಿಕ್ಸಿ ಸದ್ದು, ಮಕ್ಕಳ ಗಲಾಟೆ, ಬರುವವರು ಹೋಗುವವರ ಮಧ್ಯೆ ಬೆಳೆದವು.

ಸ್ವಭಾವದ ಲೆಕ್ಕದಲ್ಲಿ ಮೂವರಲ್ಲಿ ಚುಕ್ಕಿಯೇ ಮೊದಲು. ಕರಿಯನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ಮೂರನೇ ವಾರದಿಂದ 12-14ನೇ ವಾರದವರೆಗೆ ಮರಿ ಏನೇನು ನೋಡುತ್ತದೋ ಕೇಳುತ್ತದೋ ಅದನ್ನೆಲ್ಲ ಸಹಜ ಅಂತ ಒಪ್ಪಿಕೊಳ್ಳುತ್ತದೆ. ಚುಕ್ಕಿಗೆ ಆ ಪಾಠ ಪುಕ್ಕಟೆಯಾಗಿ ಆಗಿತ್ತು. ಗುಂಡ ಸಾಯುವವರೆಗೂ ಪೊರಕೆ ಕಂಡರೆ ಮಂಚದ ಕೆಳಗೆ ನುಗ್ಗುತ್ತಿದ್ದ. ಚುಕ್ಕಿ ಪಟಾಕಿಗೂ ಕಿವಿ ಅಲ್ಲಾಡಿಸುತ್ತಿರಲಿಲ್ಲ. ಎಂಟು ವಾರ ಒಡಹುಟ್ಟಿದವರ ಜೊತೆ ಕಚ್ಚಾಡಿ ಬಂದಿದ್ದರಿಂದ ಎಷ್ಟು ಜೋರಾಗಿ ಕಚ್ಚಿದರೆ ನೋವಾಗುತ್ತದೆ ಅನ್ನುವುದೂ ಗೊತ್ತಿತ್ತು. ನಮ್ಮ ಗುಂಡನ ಹಲ್ಲಿನ ಗುರುತು ನನ್ನ ಮುಂಗೈ ಮೇಲೆ ಇನ್ನೂ ಇದೆ.

ಐದನೇ ವರ್ಷದಲ್ಲಿ ಒಂದು ಸಂಜೆ ಚುಕ್ಕಿ ಮೆಟ್ಟಿಲ ಮೇಲೆ ನಿಂತುಬಿಟ್ಟಳು. ದಿನಾ ಹತ್ತಿಳಿಯುವ ಮೆಟ್ಟಿಲು. ಮುಂಗಾಲು ಒಂದನ್ನು ಗಾಳಿಯಲ್ಲಿ ಚಾಚಿ, ಕೆಳಗೆ ಏನೂ ಸಿಗದೆ, ವಾಪಸ್ ಎಳೆದುಕೊಂಡಳು. ಮತ್ತೆ ಚಾಚಿದಳು. ನಾನು ಲೈಟ್ ಹಾಕಿದೆ, ಸರಸರ ಇಳಿದು ಬಂದಳು. ಆಮೇಲೆ ಗಮನಿಸಿದರೆ ಕತ್ತಲಾದ ಮೇಲೆ ಅವಳು ಗೋಡೆಗೆ ಮೈ ತಾಗಿಸಿಕೊಂಡೇ ನಡೆಯುತ್ತಿದ್ದಳು. ಎಷ್ಟು ದಿನದಿಂದಲೋ!

ಪಿಆರ್‌ಎ ಅಂದರು ಕಣ್ಣಿನ ಡಾಕ್ಟರ್. ಅಕ್ಷಿಪಟಲ ನಿಧಾನಕ್ಕೆ ಸಾಯುವ ಕಾಯಿಲೆ. ಮೊದಲು ರಾತ್ರಿ ನೋಟ ಹೋಗುತ್ತದೆ, ಆಮೇಲೆ ಹಗಲಿನದು. ಔಷಧಿ ಇಲ್ಲ. ಲ್ಯಾಬ್‌ಗಳಲ್ಲಿ ಸಾಮಾನ್ಯವಾಗಿ ಕಾಣುವ ಬಗೆಗೆ ಡಿಎನ್‌ಎ ಟೆಸ್ಟ್ ಇದೆ. ಕೆಟ್ಟ ಜೀನ್ ಅಪ್ಪ ಅಮ್ಮ ಇಬ್ಬರಿಂದಲೂ ಬಂದರೆ ಮಾತ್ರ ಕಾಯಿಲೆ. ಒಬ್ಬರಿಂದ ಬಂದರೆ ನಾಯಿ ಆರಾಮಾಗಿ ಇರುತ್ತದೆ, ಸುಮ್ನೆ ಹೊತ್ತುಕೊಂಡು ತಿರುಗುತ್ತದೆ. ಹಾಗೆ ಹೊತ್ತುಕೊಂಡ ಎರಡು ನಾಯಿ ಕೂಡಿದರೆ ಪ್ರತಿ ಮರಿಗೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಎರಡರಲ್ಲಿ ಒಂದು ನಾಯಿ ಶುದ್ಧ, ಅಂದರೆ ಆ ಜೀನ್ ಇಲ್ಲದ್ದು, ಆಗಿದ್ದರೂ ಸಾಕು, ಯಾವ ಮರಿಗೂ ಈ ಕಾಯಿಲೆ ಬರುವುದಿಲ್ಲ. ಕೆನ್ನೆಯ ಒಳಗಿನ ಎಂಜಲನ್ನು ಹತ್ತಿಯಲ್ಲಿ ಒರೆಸಿ ಕಳಿಸಿದರೆ ಮುಗಿಯುವ ಕೆಲಸ. ಆ ಬಂಗಾರದಂಥ ತಾಯಿಗೆ ಯಾರೂ ಮಾಡಿಸಿರಲಿಲ್ಲ. ತಾಯಿಯನ್ನು ನೋಡಿದ್ದೇನೆ ಅಂತ ಬೀಗಿದ್ದೆನಲ್ಲ ನಾನು, ನೋಡಿದ್ದು ಬರೀ ಮೈಮೇಲಿನದು.

ಪರಿಚಯದವರಿಗೆ ಫೋನ್ ಮಾಡಿ, ಉಳಿದ ಮರಿಗಳ ಮನೆಯವರಿಗೂ ತಿಳಿಸಿ ಅಂದೆ. ಅವರು ಬಹಳ ನೊಂದುಕೊಂಡರು. ಆದರೆ ಎಂಟು ಮರಿಗಳಲ್ಲಿ ಮೂರು ಯಾರ ಮನೆಗೆ ಹೋದವು ಅಂತಲೇ ಅವರಿಗೆ ನೆನಪಿರಲಿಲ್ಲ.

ಕರಿಯ: ಮರಿಗಿಂತ ಮೊದಲು ನನ್ನ ಪರೀಕ್ಷೆ

ಬ್ರೀಡರ್ ಹತ್ತಿರ ಮೊದಲ ಫೋನೇ ನಲವತ್ತು ನಿಮಿಷ. ಪ್ರಶ್ನೆ ಕೇಳಿದ್ದು ನಾನಲ್ಲ, ಅವರು. ಮನೆಯಲ್ಲಿ ಯಾರ್ಯಾರಿದ್ದೀರಿ, ನಾಯಿ ದಿನಕ್ಕೆ ಎಷ್ಟು ಗಂಟೆ ಒಂಟಿ ಇರುತ್ತದೆ, ಲ್ಯಾಬೇ ಯಾಕೆ, ಹಿಂದಿನ ನಾಯಿಗಳು ಹೇಗೆ ಹೋದವು. ಹುಡುಗಿ ನೋಡಲು ಹೋದವನನ್ನೇ ಕೂರಿಸಿ ವಿಚಾರಿಸಿದ ಹಾಗಿತ್ತು. ಸ್ವಲ್ಪ ಸಿಟ್ಟೂ ಬಂತು. ಮರಿ ಯಾವಾಗ ಅಂದರೆ "ಈಗ ಇಲ್ಲ" ಅಂದರು. ತಾಯಿಗೆ ಎರಡು ವರ್ಷ ತುಂಬಿ ಸೊಂಟ ಮತ್ತು ಮೊಣಕೈಯ ಎಕ್ಸ್-ರೇ ಬರುವವರೆಗೆ ಮರಿ ಹಾಕಿಸುವುದಿಲ್ಲವಂತೆ. ಎಕ್ಸ್-ರೇ ಚೆನ್ನಾಗಿ ಬಂತು. ಮೊದಲ ಸಲ ಕೂಡಿಸಿದ್ದು ಕಟ್ಟಲಿಲ್ಲ. ಮುಂದಿನ ಬೆದೆಗೆ ಮತ್ತೆ ಆರು ತಿಂಗಳು. ಗರ್ಭ ಸುಮಾರು 63 ದಿನ. ಹೀಗೇ ಎಳೆಯುತ್ತಾ ಹೋಯಿತು. ಈ ದಾರಿಯ ಅತಿದೊಡ್ಡ ತೊಂದರೆ ಇದೇ. ಮಕ್ಕಳಿಗೆ "ಮುಂದಿನ ತಿಂಗಳು" ಅಂತ ಹೇಳಿ ಹೇಳಿ ನಾನೇ ಸುಳ್ಳುಗಾರನಾದೆ.

ಐದನೇ ವಾರ ನೋಡಲು ಕರೆದರು. ಚಪ್ಪಲಿ ಹೊರಗೆ, ಕೈ ತೊಳೆದು ಒಳಗೆ. ಪಾರ್ವೊ ಭಯ, ನನಗೆ ಹೇಳಿಕೊಡಬೇಕಿರಲಿಲ್ಲ. ನಡುಮನೆಯಲ್ಲೇ ಮರಿಗಳ ಕಟಕಟೆ. ತಾಯಿ ಒಳಗೆ ಬಂದದ್ದೇ ಏಳೂ ಮರಿಗಳು ಅದರ ಹೊಟ್ಟೆಗೆ ಬಿದ್ದವು. ಜೋತುಬಿದ್ದ ಮೊಲೆ, ಉದುರಿ ತೆಳ್ಳಗಾದ ಕೂದಲು, ನೋಡಲು ಅಂಥ ಚೆಂದವೇನೂ ಇರಲಿಲ್ಲ. ಹಾಲೂಡಿಸುವ ತಾಯಿ ಹಾಗೇ ಇರಬೇಕು. ತಾಯಿ ಅಂತ ಹೇಳಿ ಮಿರಮಿರ ಮಿಂಚುವ ಬೇರೆ ನಾಯಿಯನ್ನು ತೋರಿಸುವವರೂ ಇದ್ದಾರೆ, ಎಚ್ಚರ.

ಆಮೇಲೆ ಅವರು ಒಂದು ಕೆಲಸ ಮಾಡಿದರು. ನಾನು ಕೇಳಿಯೂ ಇರಲಿಲ್ಲ. ಸ್ಕ್ಯಾನರ್ ತಂದು ತಾಯಿಯ ಹೆಗಲ ನಡುವೆ ಹಿಡಿದರು. ಮೈಕ್ರೋಚಿಪ್‌ನ 15 ಅಂಕಿ ಬಂತು. ಎಕ್ಸ್-ರೇ ವರದಿ, ಪಿಆರ್‌ಎ ವರದಿ, ಓಡುತ್ತಾ ಓಡುತ್ತಾ ಕಾಲು ಸೋತು ಬೀಳುವ ಇಐಸಿ ಅನ್ನುವ ಕಾಯಿಲೆಯ ವರದಿ, ಎಲ್ಲವನ್ನೂ ನನ್ನ ಕೈಗೆ ಕೊಟ್ಟು "ನಂಬರ್ ಓದಿ" ಅಂದರು. ನಾನು ಒಂದೊಂದೇ ಅಂಕಿ ಓದಿದೆ. ಮೂರರಲ್ಲೂ ಅದೇ. ತಾಯಿ ಪಿಆರ್‌ಎ ಜೀನ್ ಹೊತ್ತುಕೊಂಡಿತ್ತು! ನನ್ನ ಮುಖ ನೋಡಿ ತಂದೆಯ ವರದಿ ಮುಂದಿಟ್ಟರು. ಅದು ಶುದ್ಧ. ಹೊತ್ತುಕೊಂಡಿದೆ ಅಂತ ಬಚ್ಚಿಡದೆ ತೋರಿಸಿದ ಆ ಹಾಳೆಯೇ ನನಗೆ ಉಳಿದೆಲ್ಲ ವರದಿಗಿಂತ ಜಾಸ್ತಿ ನಂಬಿಕೆ ತಂದಿತು. ತಾಯಿಯ ಕಡೆಯವರಿಗೆ ಕಿವಿ ಸೋಂಕು ಜಾಸ್ತಿ ಅಂತಲೂ ಅವರೇ ಹೇಳಿದರು. ಕರಿಯನಿಗೆ ಬಂತು, ವರ್ಷಕ್ಕೆ ಎರಡು ಸಲ ಬರುತ್ತಲೇ ಇದೆ.

ಮರಿ ಆರಿಸುವ ಅವಕಾಶ ನಮಗೆ ಕೊಡಲಿಲ್ಲ. ನನ್ನ ಮಡಿಲಿಗೆ ಬಂದು ನಿದ್ದೆ ಹೋದ ಮರಿಯೇ ಬೇಕು ಅಂದೆ. "ಅದು ಈಗಷ್ಟೇ ಅರ್ಧ ಗಂಟೆ ಎಲ್ಲರನ್ನೂ ಉರುಳಿಸಿ ಸುಸ್ತಾಗಿದೆ. ನಿಮ್ಮ ಮನೆಗೆ ಆಗಲ್ಲ" ಅಂದರು. ಎಂಟು ವಾರಕ್ಕೆ ಕೈಗಿಟ್ಟದ್ದು ಮೂಲೆಯಲ್ಲಿ ಒಬ್ಬನೇ ಹಗ್ಗ ಕಡಿಯುತ್ತಿದ್ದ ಕರಿಯನನ್ನು. ಜೊತೆಗೆ ತಾಯಿಯ ವಾಸನೆಯ ಬಟ್ಟೆ, ಲಸಿಕೆ ಮತ್ತು ಜಂತುಹುಳದ ಔಷಧಿಯ ತಾರೀಖುಗಳು, ನಾಲ್ಕು ಪುಟದ ಒಪ್ಪಂದ. ಎಷ್ಟೇ ವಯಸ್ಸಿಗೆ ಸಾಕಲು ಆಗದಿದ್ದರೂ ಅವರಿಗೇ ವಾಪಸ್ ಕೊಡಬೇಕು, ಬೇರೆ ಯಾರಿಗೂ ಕೊಡುವಂತಿಲ್ಲ. ಕೇಳದೆ ಮರಿ ಹಾಕಿಸುವಂತಿಲ್ಲ. ನಾಯಿ ನನ್ನದಾ ಅವರದಾ ಅನ್ನಿಸಿತು ಒಮ್ಮೆ.

ಹಾಗಾದರೆ ಯಾವುದು?

ಕಾಯಲು ಆಗುವವರಿಗೆ ಬ್ರೀಡರ್. ಅದರಲ್ಲಿ ನನಗೆ ಎರಡು ಮಾತಿಲ್ಲ. ಪರಿಚಯದವರ ಮನೆಯ ಮರಿ ಬೇಡವೇ ಬೇಡ ಅನ್ನುವುದಿಲ್ಲ, ಬೆಳೆಸುವ ರೀತಿಯಲ್ಲಿ ಅವರು ಯಾರಿಗೂ ಕಡಿಮೆ ಇಲ್ಲ. ಆದರೆ ಅಪ್ಪ ಅಮ್ಮ ಇಬ್ಬರ ಟೆಸ್ಟನ್ನೂ ಕೂಡಿಸುವ ಮೊದಲೇ ಮಾಡಿಸಿರಬೇಕು. ಮರಿ ಹುಟ್ಟಿದ ಮೇಲೆ ಕೇಳಿ ಏನು ಪ್ರಯೋಜನ? ಜಾಹೀರಾತಿನ ದಾರಿಗೆ ನನ್ನ ಹತ್ತಿರ ಒಳ್ಳೆಯ ಮಾತಿಲ್ಲ, ಬೇಗ ಸಿಗುತ್ತದೆ ಅನ್ನುವುದೊಂದು ಬಿಟ್ಟು. ಹಾಗೆಯೇ ಬ್ರೀಡರ್ ಅನ್ನುವ ಹೆಸರಿಗೆ ಮರುಳಾಗಬೇಡಿ, ಗುಂಡನನ್ನು ಮಾರಿದವರೂ ತಮ್ಮನ್ನು ಬ್ರೀಡರ್ ಅಂತಲೇ ಕರೆದುಕೊಂಡಿದ್ದರು.

ಮರಿಯೇ ಬೇಕು ಅಂತ ಹಟ ಇಲ್ಲದಿದ್ದರೆ ಇನ್ನೊಂದು ದಾರಿ ಇದೆ. ನನ್ನ ತಂಗಿ ಅದೇ ಬ್ರೀಡರ್ ಹತ್ತಿರ ಮರಿ ಹಾಕಿಸುವುದನ್ನು ನಿಲ್ಲಿಸಿದ ಆರು ವರ್ಷದ ಹೆಣ್ಣನ್ನು ತಂದಳು. ಸೊಂಟ ಹೇಗಿದೆ, ಕಣ್ಣು ಹೇಗಿದೆ, ಎಲ್ಲ ಕಣ್ಣೆದುರಿಗೇ ಇತ್ತು. ಮೊದಲ ರಾತ್ರಿಯೇ ಸೋಫಾ ಮೇಲೆ ಗೊರಕೆ. ನಾನು ಕರಿಯನ ಜೊತೆ ರಾತ್ರಿ ಎರಡಕ್ಕೆ ಅಂಗಳದಲ್ಲಿ ನಿಂತಿರುತ್ತಿದ್ದುದನ್ನು ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

ಕರಿಯನಿಗೆ ಈಗ ನಾಲ್ಕು ವರ್ಷ. ಆ ಸೂಲಿನ ಏಳೂ ಮರಿಗಳ ಮನೆಯವರನ್ನು ಬ್ರೀಡರ್ ಒಂದೇ ಗುಂಪಿನಲ್ಲಿ ಇಟ್ಟಿದ್ದಾರೆ. ಹೋದ ವಾರ ಮೆಸೇಜ್ ಬಂತು: ಕರಿಯನ ತಂಗಿಯೊಬ್ಬಳಿಗೆ ಮೊಣಕಾಲಿನ ಕೀಲನ್ನು ಒಳಗಿನಿಂದ ಹಿಡಿದಿಡುವ ಪಟ್ಟಿ (ಲಿಗಮೆಂಟ್) ಹರಿದಿದೆ, ಎಲ್ಲರೂ ನಿಮ್ಮ ನಾಯಿಯ ತೂಕ ನೋಡಿ, ಇವತ್ತೇ ನೋಡಿ ಕಳಿಸಿ. ಕರಿಯನನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತೆ, ಆಮೇಲೆ ನಾನೊಬ್ಬನೇ ನಿಂತು ಕಳೆದೆ. ಇರಬೇಕಾದ್ದಕ್ಕಿಂತ ಎರಡು ಕಿಲೋ ಜಾಸ್ತಿ. ನಿಜವಾದ ಅಂಕಿಯನ್ನೇ ಬರೆದು ಕಳಿಸಿದೆ. ಐದು ನಿಮಿಷದಲ್ಲಿ ಫೋನ್ ರಿಂಗಾಯಿತು.