ಆಗರ್ ಅಂದರೆ ಬರೀ ‘ಭವಿಷ್ಯ ಹೇಳು’ ಅಲ್ಲ: ನಮ್ಮ ಮನೆಯ ಎರಡು ನಿಘಂಟುಗಳು

ನನ್ನ ಅಕ್ಕನ ಮಗಳು ಅಕ್ಕಲಕೋಟೆಯ ಕನ್ನಡ ಶಾಲೆಯಲ್ಲಿ ಓದಿದವಳು. ಈಗ ಪುಣೆಯಲ್ಲಿ ನಮ್ಮ ಜೊತೆಗಿದ್ದು ಕಾಮರ್ಸ್ ಓದುತ್ತಿದ್ದಾಳೆ. ಊರಿನಿಂದ ಬರುವಾಗ ಒಂದು ಇಂಗ್ಲಿಷ್-ಕನ್ನಡ ಪಾಕೆಟ್ ನಿಘಂಟು ತಂದಿದ್ದಳು. ಅಚ್ಚು ಚೆನ್ನಾಗಿದೆ, ಚೀಲದಲ್ಲಿ ಹಿಡಿಯುತ್ತದೆ. ಆದರೆ ಅದರಲ್ಲಿ ‘ಆಗರ್’ (augur) ಎಂಬ ಇಂಗ್ಲಿಷ್ ಪದಕ್ಕಿದ್ದ ಅರ್ಥ ನಂಬಿ ‘ವಿ ಆಗರ್ ದಟ್ ಸೇಲ್ಸ್ ವಿಲ್ ಗ್ರೋ’ ಎಂದು ಬರೆದಳು, ಮೇಡಂ ಕೆಂಪು ಗೆರೆ ಎಳೆದರು. “ಮಾಮಾ, ಇದರಲ್ಲಿ ‘ಭವಿಷ್ಯ ಹೇಳು’ ಅಂತಾನೇ ಇದೆಯಲ್ಲ” ಎಂದು ಪುಟ ತೆರೆದು ತೋರಿಸಿದಳು. ಹೌದು, ಅಷ್ಟೇ ಇದೆ. ಒಂದು ಉದಾಹರಣೆ ವಾಕ್ಯವೂ ಇಲ್ಲ. ಹುಡುಗಿಯ ತಪ್ಪೇನಿದೆ ಹೇಳಿ.

ಮರುದಿನವೇ ಅಪ್ಪಾ ಬಳವಂತ ಚೌಕಕ್ಕೆ ಹೋಗಿ ಆಕ್ಸ್‌ಫರ್ಡ್ ಅಡ್ವಾನ್ಸ್‌ಡ್ ಲರ್ನರ್ಸ್ ಡಿಕ್ಷನರಿ ತಂದೆ. ಎ. ಎಸ್. ಹಾರ್ನ್‌ಬಿ ಅವರು ಇಂಗ್ಲಿಷ್ ಮನೆಮಾತಲ್ಲದವರಿಗಾಗಿಯೇ ಶುರು ಮಾಡಿದ್ದು, 1948ರಿಂದ ಆಕ್ಸ್‌ಫರ್ಡ್‌ನವರು ಹೊರತರುತ್ತಿದ್ದಾರೆ. ಅದರಲ್ಲಿ ಈ ಪದವನ್ನು ‘ಆಗರ್ ವೆಲ್’ ಎಂದು ಜೋಡಿಯಾಗಿಯೇ ಕೊಟ್ಟಿದ್ದಾರೆ, ಔಪಚಾರಿಕ ಪದ ಎಂದೂ ಹೇಳಿದ್ದಾರೆ. ನಮಗೆ ಬೇಕಾಗಿದ್ದು ಇದೇ. ಭವಿಷ್ಯ ಹೇಳುವವನು ಮನುಷ್ಯನಾದರೆ ಪ್ರೆಡಿಕ್ಟ್ ಸಾಕು, ಆದರೆ ಈಗಿನ ಇಂಗ್ಲಿಷಿನಲ್ಲಿ ಆಗರ್ ಮಾಡುವುದು ಸಾಮಾನ್ಯವಾಗಿ ಮನುಷ್ಯನಲ್ಲ, ಕಣ್ಣೆದುರಿನ ಲಕ್ಷಣ. ‘ಗುಡ್ ರೇನ್ಸ್ ಆಗರ್ ವೆಲ್ ಫಾರ್ ಫಾರ್ಮರ್ಸ್’ ಅಂದರೆ ಮಳೆ ಚೆನ್ನಾಗಿ ಬಿದ್ದಿದೆ, ರೈತರಿಗೆ ಇದು ಒಳ್ಳೆಯ ಸೂಚನೆ. ಕೆಟ್ಟ ಸೂಚನೆಯಾದರೆ ‘ಆಗರ್ ಇಲ್’. ‘ಬೋಡ್ ವೆಲ್’ ಎಂದರೂ ಹೆಚ್ಚುಕಡಿಮೆ ಇದೇ ಅರ್ಥ.

ಈ ನಿಘಂಟಿನಲ್ಲಿ ಕನ್ನಡ ಇಲ್ಲ, ಹಾಗಾಗಿ ಉಳಿದದ್ದನ್ನು ನಾನೇ ಹೇಳಿಕೊಟ್ಟೆ. ಹಳೆಯ ರೋಮ್‌ನಲ್ಲಿ ಆಗರ್ ಎಂದರೆ ಹಕ್ಕಿಗಳ ಹಾರಾಟ, ಕೂಗು ನೋಡಿ ದೇವರ ಒಪ್ಪಿಗೆ ಇದೆಯೋ ಇಲ್ಲವೋ ಎಂದು ತಿಳಿಸುವ ಪುರೋಹಿತ. ದೊಡ್ಡ ಕೆಲಸಕ್ಕೆ ಕೈಹಾಕುವ ಮೊದಲು ಹಕ್ಕಿ ಶಕುನ ನೋಡುತ್ತಿದ್ದರು, ನಾವು ದಿನಾ ಕೇಳುವ ‘ಇನಾಗರೇಷನ್’ ಹುಟ್ಟಿದ್ದೂ ಅಲ್ಲಿಂದಲೇ. ನಮ್ಮ ‘ಶಕುನ’ಕ್ಕೂ ಸಂಸ್ಕೃತದಲ್ಲಿ ಹಕ್ಕಿ ಎಂಬ ಅರ್ಥವಿದೆ! ಬುಡಬುಡಿಕೆಯವರು ಹಾಲಕ್ಕಿ ನುಡಿಯಿತು ಅನ್ನುತ್ತಾರಲ್ವಾ, ಅದನ್ನು ನೆನಪಿಸಿದ ಕೂಡಲೇ ಅವಳಿಗೆ ಅರ್ಥವಾಯಿತು. ನುಡಿಯುವುದು ಹಕ್ಕಿ, ನಾವು ಕೇಳಿಸಿಕೊಳ್ಳುವವರು.

ಒಂದು ಎಚ್ಚರಿಕೆ. ಎರಡನೇ ‘ಯು’ ಬದಲು ‘ಇ’ ಬರೆದರೆ ಉಚ್ಚಾರ ಅದೇ, ಆದರೆ ಅರ್ಥ ಬಡಗಿಯ ಬೈರಿಗೆ.

ಪಾಕೆಟ್ ನಿಘಂಟನ್ನು ಬಿಸಾಕಿಲ್ಲ. ಬಸ್ಸಿನಲ್ಲಿ ಪದ ಹುಡುಕಲು ಸಾಕು, ಬರೆಯುವಾಗ ಮಾತ್ರ ಬೇಡ. ಮಕ್ಕಳಿಗೆ ನಿಘಂಟು ಕೊಳ್ಳುವವರು ಸುಮ್ನೆ ಎಷ್ಟು ಸಾವಿರ ಪದ ಅಂತ ನೋಡಬೇಡಿ. ಅಂಗಡಿಯಲ್ಲೇ ಆಗರ್ ಇರುವ ಪುಟ ತೆಗೆದು, ಪಕ್ಕದಲ್ಲಿ ‘ವೆಲ್’ ಇದೆಯಾ, ಒಂದು ಪೂರ್ತಿ ವಾಕ್ಯ ಇದೆಯಾ ನೋಡಿ, ಆಮೇಲೆ ದುಡ್ಡು ಕೊಡಿ.