ಮೊದಲು ‘ಶಿವಮ್ಮ’, ಆಮೇಲೆ ‘ಫೋಟೋ’

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ನನ್ನ ಗೆಳೆಯನದೊಂದು ಸ್ಟೇಷನರಿ ಅಂಗಡಿ ಇದೆ. ಭಾನುವಾರ ಮಧ್ಯಾಹ್ನ, ಬಿಸಿಲಿಗೆ ಹೆದರಿ ಗಿರಾಕಿಗಳು ಹೊರಬೀಳದ ಹೊತ್ತಿನಲ್ಲಿ, ನಾವು ಐದಾರು ಮಂದಿ ಅಲ್ಲಿ ಸೇರಿ ಆ ವಾರ ನೋಡಿದ ಚಿತ್ರಗಳ ಬಗ್ಗೆ ಮಾತನಾಡುವುದು ಹಲವು ವರ್ಷಗಳಿಂದ ನಡೆದುಬಂದಿದೆ. ಜೆಸ್ಕಾಂನಲ್ಲಿ ಲೈನ್‌ಮನ್ ಆಗಿದ್ದು ನಿವೃತ್ತರಾದ, ನಾವೆಲ್ಲ ಕಾಕಾ ಎಂದು ಕರೆಯುವ ಹಿರಿಯರೊಬ್ಬರು ಅಲ್ಲಿ ಒಂದು ಕಟ್ಟಳೆ ಹಾಕಿದ್ದಾರೆ. ಯಾವುದೇ ಚಿತ್ರವನ್ನು ನೋಡಿರೆಂದು ಹೇಳುವವರು ‘ಭಾಳ ಛಲೋ ಅದ’ ಎಂದಷ್ಟೇ ಹೇಳಿ ಸುಮ್ಮನಾಗುವಂತಿಲ್ಲ. ಯಾರು ನೋಡಬೇಕು, ಯಾಕೆ ನೋಡಬೇಕು, ಎಲ್ಲಿ ಬೇಸರ ಬರುತ್ತದೆ ಎಂಬುದನ್ನೂ ಹೇಳಬೇಕು. ಆ ಕಟ್ಟಳೆಗೆ ಒಳಪಟ್ಟು ಅಂಗಡಿಯಲ್ಲಿ ನಾನು ಪದೇ ಪದೇ ಹೇಳುತ್ತ ಬಂದಿರುವ ಎರಡು ಚಿತ್ರಗಳ ವಿಚಾರವನ್ನು ಇಲ್ಲಿ ಬರೆಯುತ್ತಿದ್ದೇನೆ. ಎರಡೂ 2024ರಲ್ಲಿ ನಮ್ಮ ಚಿತ್ರಮಂದಿರಗಳಿಗೆ ಬಂದವು. ಒಂದು ಕೊಪ್ಪಳ ಜಿಲ್ಲೆಯ ಹಳ್ಳಿಯದು, ಇನ್ನೊಂದು ರಾಯಚೂರು ಜಿಲ್ಲೆಯ ಹುಡುಗನದು.

ಎರಡನ್ನೂ ಒಟ್ಟಿಗೆ ಹೇಳುವುದಕ್ಕೆ ಕಾರಣ ಅವುಗಳ ಭಾಷೆ. ನಮ್ಮ ಭಾಗದ ಮಾತು ಕನ್ನಡ ಚಿತ್ರಗಳಲ್ಲಿ ಇಲ್ಲವೇ ಇಲ್ಲ ಎನ್ನುವ ಹಾಗಿಲ್ಲ. ಇದೆ, ಆದರೆ ಬಹುಪಾಲು ನಗಿಸುವ ಪಾತ್ರಗಳ ಬಾಯಲ್ಲಿದೆ. ನಾಯಕನ ಹಾಸ್ಟೆಲ್ ಗೆಳೆಯ, ಹೊಟ್ಟೆಬಾಕ ಪೇದೆ, ಬಾಯಿ ಜೋರಿನ ಅತ್ತೆ ‘ಏನ್ಲೇ’ ಎಂದ ಕೂಡಲೇ ಸಭಾಂಗಣದಲ್ಲಿ ನಗು ಏಳುತ್ತದೆ. ಅದೇ ನಾಯಕಿಗೆ ಅಳು ಬಂದಾಗ, ನಾಯಕನಿಗೆ ಪ್ರೀತಿ ಹೇಳಬೇಕಾದಾಗ ಭಾಷೆ ತಟ್ಟನೆ ತುಂಗಭದ್ರೆಯನ್ನು ದಾಟಿ ತೆಂಕಣಕ್ಕೆ ಹೋಗಿಬಿಡುತ್ತದೆ. ಮೇಲಾಗಿ ಸಂಭಾಷಣೆ ಬರೆಯುವವರಲ್ಲಿ ಅನೇಕರಿಗೆ ಉತ್ತರ ಕರ್ನಾಟಕದ ಮಾತೆಂದರೆ ಒಂದೇ. ಕೊಪ್ಪಳ, ಗದಗದ ಹಳ್ಳಿಗರ ‘ಐತಿ’ ನಮ್ಮಲ್ಲಿ ‘ಅದ’ ಆಗುತ್ತದೆ, ಅವರು ‘ಮಾಡಾಕತ್ತೀನಿ’ ಎಂದಲ್ಲಿ ನಾವು ‘ಮಾಡ್ಲಾಕತ್ತೀನಿ’ ಎನ್ನುತ್ತೇವೆ, ಬೀದರ ಕಡೆ ಹೋದರೆ ಮಾತಿನ ನಡುವೆ ಉರ್ದು, ಮರಾಠಿ ಸಲೀಸಾಗಿ ಬಂದು ಕೂಡುತ್ತವೆ ಎಂಬ ಸೂಕ್ಷ್ಮಗಳು ಅವರ ಕಿವಿಗೆ ಬಿದ್ದಂತಿಲ್ಲ.

ಜೈಶಂಕರ್ ಆರ್ಯರ್ ನಿರ್ದೇಶಿಸಿದ, ‘ಶಿವಮ್ಮ ಯರೇಹಂಚಿನಾಳ’ ಎಂಬ ಪೂರ್ಣ ಹೆಸರಿನ ಚಿತ್ರದಲ್ಲಿ ಈ ಮೋಸವಿಲ್ಲ. ಯರೇಹಂಚಿನಾಳ ಕೊಪ್ಪಳ ಜಿಲ್ಲೆಯ ಊರು. ತೆರೆಯ ಮೇಲಿರುವವರು ವೃತ್ತಿಪರ ನಟರಲ್ಲ, ಆ ಸೀಮೆಯ ಜನ. ಶಿವಮ್ಮನ ಪಾತ್ರ ಮಾಡಿದ ಶರಣಮ್ಮ ಚಟ್ಟಿಯವರಿಗೂ ಈ ಮಾತು ಅನ್ವಯಿಸುತ್ತದೆ. ನಿರ್ಮಾಣ ರಿಷಬ್ ಶೆಟ್ಟಿಯವರದು. 2022ರ ಅಕ್ಟೋಬರ್‌ನಲ್ಲಿ ಇಡೀ ದೇಶ ಅವರ ‘ಕಾಂತಾರ’ದ ಕೂಗಿಗೆ ಕಿವಿಗೊಟ್ಟಿದ್ದಾಗ, ಅದೇ ತಿಂಗಳು ಅವರೇ ಹಣ ಹಾಕಿದ ಈ ಸಣ್ಣ ಚಿತ್ರ ದಕ್ಷಿಣ ಕೊರಿಯಾದ ಬುಸಾನ್ ಚಿತ್ರೋತ್ಸವದಲ್ಲಿ ಏಷ್ಯಾದ ಹೊಸ ನಿರ್ದೇಶಕರಿಗೆ ಮೀಸಲಾದ ನ್ಯೂ ಕರೆಂಟ್ಸ್ ಪ್ರಶಸ್ತಿಯನ್ನು ಪಡೆಯಿತು. ಕನ್ನಡಿಗರು ನೋಡಲು ಮಾತ್ರ 2024ರ ಜೂನ್‌ವರೆಗೆ ಕಾಯಬೇಕಾಯಿತು.

ಕಥೆ ಎರಡೇ ಮಾತಿನಲ್ಲಿ ಹೇಳುವಂಥದ್ದು. ಶಾಲೆಯಲ್ಲಿ ಅಡುಗೆ ಮಾಡುವ ನಡುವಯಸ್ಸಿನ ಬಡ ಹೆಂಗಸು ಶಿವಮ್ಮ ಚೈನ್ ಮಾರ್ಕೆಟಿಂಗ್ ಕಂಪನಿಯೊಂದಕ್ಕೆ ದುಡ್ಡು ಹಾಕಿ, ಅದರ ಶಕ್ತಿವರ್ಧಕ ಪಾನೀಯವನ್ನು ಊರವರಿಗೆ ಮಾರಲು ಹೊರಡುತ್ತಾಳೆ. ಹಾಸಿಗೆ ಹಿಡಿದ ಗಂಡ ಅದರಿಂದಲೇ ಎದ್ದು ಓಡಾಡುತ್ತಾನೆ, ಮನೆಯ ಬಡತನವೂ ಅದರಿಂದಲೇ ಹರಿಯುತ್ತದೆ ಎಂಬುದು ಅವಳ ನಂಬಿಕೆ. ಆ ನಂಬಿಕೆಗೆ ಪಣವಾಗುವುದು ಮಗಳ ಮದುವೆ. ಬಿಸಿಯೂಟದ ಅಡುಗೆಯವಳನ್ನು ಕಥೆಯ ನಡುವೆ ನಿಲ್ಲಿಸಿರುವುದು ನನಗೆ ವಿಶೇಷವಾಗಿ ಹಿಡಿಸಿತು. ಅಕ್ಷರ ದಾಸೋಹ 2002ರಲ್ಲಿ ಮೊದಲು ಆರಂಭವಾದದ್ದೇ ನಮ್ಮ ಕಲಬುರಗಿ, ಬೀದರ, ಕೊಪ್ಪಳ, ರಾಯಚೂರು ಸೇರಿದ ಏಳು ಜಿಲ್ಲೆಗಳಲ್ಲಿ. ಇಪ್ಪತ್ತು ವರ್ಷಗಳಿಂದ ನಮ್ಮ ಪ್ರತಿ ಹಳ್ಳಿಯಲ್ಲಿಯೂ ಹೊಗೆಯಲ್ಲಿ ಕಣ್ಣು ಕಿರಿದು ಮಾಡಿಕೊಂಡು ಸಾಂಬಾರು ಕದಡುತ್ತಿರುವ ಆ ಹೆಂಗಸರನ್ನು ಒಬ್ಬರಾದರೂ ಕ್ಯಾಮೆರಾ ತಿರುಗಿಸಿ ನೋಡಿದರಲ್ಲ ಎನಿಸಿತು.

ಇಲ್ಲಿ ನನ್ನ ಚಿಗವ್ವನ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ಆಳಂದ ತಾಲ್ಲೂಕಿನ ಹಳ್ಳಿಯಲ್ಲಿರುವ ಆಕೆ ಕೆಲವು ವರ್ಷಗಳ ಹಿಂದೆ ನೆರೆಮನೆಯವಳ ಜೊತೆ ಕಲಬುರಗಿಯ ಕಲ್ಯಾಣ ಮಂಟಪವೊಂದರಲ್ಲಿ ನಡೆದ ಸಭೆಗೆ ಬಂದಿದ್ದರು. ಟೈ ಕಟ್ಟಿದ ಹುಡುಗನೊಬ್ಬ ಮೂರು ಮಂದಿಯನ್ನು ಸೇರಿಸಿರಿ, ಆ ಮೂವರು ತಲಾ ಮೂವರನ್ನು ಸೇರಿಸುತ್ತಾರೆ, ಕೂತಲ್ಲಿಯೇ ದುಡ್ಡು ಬರುತ್ತದೆ ಎಂದು ಹೇಳಿದನಂತೆ. ಈ ಲೆಕ್ಕದಲ್ಲಿ ಏಳನೆಯ ಸುತ್ತು ಮುಟ್ಟುವಷ್ಟರಲ್ಲಿ 2,187 ಮಂದಿ ಬೇಕು. ಚಿಗವ್ವನ ಊರಿನ ಕೂಸು ಮುದುಕರನ್ನೆಲ್ಲ ಸೇರಿಸಿದರೂ ಅಷ್ಟು ಜನರಿಲ್ಲ. ಎರಡು ಚೀಲ ತೊಗರಿ ಮಾರಿದ ದುಡ್ಡಿನಲ್ಲಿ ಮೊಣಕಾಲು ನೋವಿನ ಪುಡಿಯ ಡಬ್ಬಿಗಳು ಮನೆಗೆ ಬಂದವು. ಹನ್ನೆರಡು ಡಬ್ಬಿಗಳಲ್ಲಿ ಒಂದನ್ನು ಆಕೆ ತಾವೇ ತಿಂದರು, ಎರಡನ್ನು ತವರಿನವರು ಮುಖ ನೋಡಿ ಕೊಂಡರು, ಉಳಿದ ಒಂಬತ್ತು ಹೊರಸಿನ ಕೆಳಗೆ ಹಳೆಯ ಸೀರೆ ಹೊದ್ದು ಕೂತವು. ಪಿರಮಿಡ್ ಮಾದರಿಯ ಯೋಜನೆಗಳನ್ನು ಕೇಂದ್ರ ಸರ್ಕಾರ 2021ರ ಡಿಸೆಂಬರ್‌ನ ನಿಯಮಗಳಲ್ಲಿ ಸ್ಪಷ್ಟವಾಗಿ ನಿಷೇಧಿಸಿದೆ. ಹಣದ ಚಲಾವಣೆ ಯೋಜನೆಗಳ ವಿರುದ್ಧ 1978ರಿಂದಲೇ ಕಾಯ್ದೆಯಿದೆ. ಆದರೆ ಚಿಗವ್ವನಿಗೆ ಆದ ನಿಜವಾದ ನಷ್ಟ ಯಾವ ಕಾಯ್ದೆಗೂ ಸಿಗುವಂಥದ್ದಲ್ಲ. ಡಬ್ಬಿ ಕೊಂಡ ತಂಗಿ ಮೊದಲಿನಂತೆ ಫೋನ್ ಮಾಡುವುದನ್ನು ಬಿಟ್ಟಳು.

‘ಶಿವಮ್ಮ’ ಕೈ ಇಟ್ಟಿರುವುದು ಸರಿಯಾಗಿ ಇದೇ ಜಾಗದಲ್ಲಿ. ಈ ವ್ಯಾಪಾರದಲ್ಲಿ ಅಪರಿಚಿತರು ಗಿರಾಕಿಗಳಾಗುವುದಿಲ್ಲ. ಅಕ್ಕಪಕ್ಕದ ಮನೆಯವರು, ಬೀಗರು, ಜೊತೆಗೆ ಕೆಲಸ ಮಾಡುವವರು, ಅಂದರೆ ಇಲ್ಲವೆನ್ನಲು ನಾಚುವವರೇ ಗಿರಾಕಿಗಳು. ಇಂಥ ಕಥೆಯಲ್ಲಿ ಶಿವಮ್ಮನನ್ನು ಪಾಪದವಳೆಂದು ತೋರಿಸಿ ನಮ್ಮ ಕಣ್ಣಲ್ಲಿ ನೀರು ಬರಿಸುವುದು ಸುಲಭವಿತ್ತು; ಮೂರ್ಖಳೆಂದು ತೋರಿಸಿ ನಗಿಸುವುದು ಇನ್ನೂ ಸುಲಭವಿತ್ತು. ನಿರ್ದೇಶಕರು ಎರಡನ್ನೂ ಮಾಡಿಲ್ಲ. ಅವಳು ಹಟಮಾರಿ, ಮಾತಿನಲ್ಲಿ ಜಾಣೆ, ಬೇಕಾದಾಗ ಸುಳ್ಳನ್ನೂ ಹೇಳಬಲ್ಲವಳು, ತನ್ನ ನಂಬಿಕೆಗಾಗಿ ಮಗಳ ಬಾಳನ್ನು ಅಡ ಇಡುವಷ್ಟು ಕಠಿಣಳು. ಅವಳ ಮೇಲೆ ಸಿಟ್ಟು ಬರುತ್ತದೆ, ಮರುಗಳಿಗೆಯಲ್ಲಿ ಅವಳು ಗೆಲ್ಲಲಿ ಎಂದೂ ಅನಿಸುತ್ತದೆ. ಶರಣಮ್ಮನವರ ಅಭಿನಯದ ಬಗ್ಗೆ ಅಂಗಡಿಯಲ್ಲಿ ಕಾಲೇಜು ಉಪನ್ಯಾಸಕಿಯಾಗಿರುವ ನಮ್ಮ ಅಕ್ಕ ಒಂದು ಮಾತು ಹೇಳಿದರು: ‘ಆಕಿ ಸುಳ್ಳ ಹೇಳುಮುಂದ ಸ್ವರ ಇಳೀತದ ನೋಡ್ರಿ, ನಮ್ಮ ಮಂದಿ ಹಂಗೇ ಹೇಳ್ತಾರ.’ ಅದನ್ನು ಕೇಳಿದ ಮೇಲೆ ಇನ್ನೊಮ್ಮೆ ನೋಡಿದೆ, ಅಕ್ಕನ ಮಾತು ನಿಜ. ಬೇಡಿಕೊಳ್ಳುವ ಸ್ವರ ಬೇರೆ, ಮಾರುವ ಸ್ವರ ಬೇರೆ, ಮನೆಯೊಳಗಿನ ಸ್ವರವೇ ಬೇರೆ. ಭಾಷೆ ತನ್ನದೇ ಆಗಿದ್ದರೆ ಮಾತ್ರ ಬರುವ ಏರಿಳಿತ ಅದು. ಬೆಂಗಳೂರಿನಿಂದ ಬಂದ ನಟಿಗೆ ಆರು ತಿಂಗಳು ಕಲಿಸಿದರೂ ಇದು ಸಿಗುತ್ತಿತ್ತೆಂದು ನನಗನಿಸುವುದಿಲ್ಲ.

ಬೇಸರವಾಗುವ ಕಡೆಯನ್ನೂ ಹೇಳಬೇಕಲ್ಲ. ಚಿತ್ರೋತ್ಸವಗಳಿಗೆ ಹೋಗುವ ಚಿತ್ರಗಳ ನಿಧಾನಗತಿ ಇದರಲ್ಲಿಯೂ ಇದೆ. ನಡುಭಾಗದಲ್ಲಿ ಒಂದೇ ಬಗೆಯ ಪ್ರಸಂಗ ಮರಳಿ ಮರಳಿ ಬಂದಂತೆ ತೋರುತ್ತದೆ. ಸಣ್ಣ ಪಾತ್ರಗಳಲ್ಲಿರುವ ಕೆಲವರು ಮಾತನ್ನು ಬಾಯಿಪಾಠ ಒಪ್ಪಿಸುತ್ತಾರೆ. ಹಾಡು, ಹೊಡೆದಾಟ ಬೇಕೆನ್ನುವವರು ಇದರ ಹತ್ತಿರವೂ ಸುಳಿಯಬಾರದು. ಕಾಕಾ ಅರ್ಧಕ್ಕೆ ಎದ್ದು ಹೋಗುತ್ತಾರೆಂದು ನಾನು ಎಣಿಸಿದ್ದೆ. ಪೂರ್ತಿ ನೋಡಿ ‘ಪಿಚ್ಚರ್ ಅಲ್ಲಪಾ ಇದು, ನಮ್ಮ ಓಣಿ’ ಎಂದರು. ಅದು ಹೊಗಳಿಕೆಯೋ ತೆಗಳಿಕೆಯೋ ಇನ್ನೂ ತಿಳಿದಿಲ್ಲ.

‘ಫೋಟೋ’ ಉತ್ಸವ್ ಗೋನವಾರ ನಿರ್ದೇಶನದ ಚಿತ್ರ, ಪ್ರಕಾಶ್ ರಾಜ್ ಅರ್ಪಿಸಿದ್ದು, 2024ರ ಮಾರ್ಚ್‌ನಲ್ಲಿ ತೆರೆಕಂಡದ್ದು. ರಾಯಚೂರು ಕಡೆಯ ಹುಡುಗ ದುರ್ಗ್ಯಾನಿಗೆ ವಿಧಾನಸೌಧದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವ ಆಸೆ. ಅಪ್ಪ ಬೆಂಗಳೂರಿನಲ್ಲಿ ಕಟ್ಟಡ ಕೆಲಸದವನು. ಮಗ ಅಪ್ಪನ ಬಳಿ ಹೋದ ಹೊತ್ತಿಗೆ ಸರಿಯಾಗಿ, 2020ರ ಮಾರ್ಚ್ 24ರ ರಾತ್ರಿ, ದೇಶಕ್ಕೆ ಬೀಗ ಬೀಳುತ್ತದೆ. ಬಸ್ಸಿಲ್ಲ, ರೈಲಿಲ್ಲ, ಊರು ನಾನೂರು ಕಿಲೋಮೀಟರ್ ದೂರ. ಮುಂದಿನದನ್ನು ಹೇಳಬಾರದು.

ಉದ್ಯಾನ್ ಎಕ್ಸ್‌ಪ್ರೆಸ್ಸಿನ ಜನರಲ್ ಬೋಗಿಯಲ್ಲಿ ಕಲಬುರಗಿಯಿಂದ ಬೆಂಗಳೂರಿಗೆ ಒಮ್ಮೆಯಾದರೂ ಹೋದವರಿಗೆ ದುರ್ಗ್ಯಾನ ಪರಿಚಯ ಮಾಡಿಸಬೇಕಾಗಿಲ್ಲ. ವಾಡಿ, ಯಾದಗಿರಿ, ರಾಯಚೂರುಗಳಲ್ಲಿ ರೊಟ್ಟಿಯ ಗಂಟು, ಪ್ಲಾಸ್ಟಿಕ್ ಕೊಡ, ಗೋಣಿಚೀಲದಲ್ಲಿ ಸುತ್ತಿದ ಹಾಸಿಗೆಯ ಸಮೇತ ಹತ್ತುವ ಸಂಸಾರಗಳ ನಡುವೆ, ಎರಡು ಸೀಟುಗಳ ಸಂದಿಯಲ್ಲಿ, ಚಪ್ಪಲಿಗಳನ್ನು ಬದಿಗೆ ಸರಿಸಿ ಹಾಸಿದ ದುಪ್ಪಟ್ಟಿಯ ಮೇಲೆ ಮಲಗಿರುವ ಹುಡುಗ ಅವನೇ. ನಾವು ಇದನ್ನು ಗುಳೆ ಎನ್ನುತ್ತೇವೆ. ಹೊರಟವರನ್ನು ಕೇಳಿದರೆ ‘ದುಡಿಲಾಕ ಹೊಂಟೀವಿ’ ಎಂದಷ್ಟೇ ಹೇಳುತ್ತಾರೆ. ರಂಗಭೂಮಿಯಿಂದ ಬಂದ ಮಹಾದೇವ ಹಡಪದ ಅವರು ಅಪ್ಪನ ಪಾತ್ರದಲ್ಲಿ ಹೆಚ್ಚು ಮಾತನಾಡದೆ ಆ ಬೋಗಿಯ ಎಲ್ಲ ಅಪ್ಪಂದಿರನ್ನೂ ನೆನಪಿಗೆ ತರುತ್ತಾರೆ. ಮಗನ ಆಸೆಯನ್ನು ನಡೆಸಿಕೊಡಲಾಗದ ಅಪ್ಪನ ಮುಖದಲ್ಲಿ ಬರುವ ಸಣ್ಣ ಸಿಡುಕನ್ನು ಗಮನಿಸಿರಿ.

ಆದರೂ ಎರಡರಲ್ಲಿ ಒಂದನ್ನೇ ಆರಿಸಿರೆಂದರೆ ನಾನು ‘ಶಿವಮ್ಮ’ನನ್ನು ಆರಿಸುತ್ತೇನೆ. ‘ಫೋಟೋ’ ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂಬುದನ್ನು ನೋಡುಗ ಬಹಳ ಮೊದಲೇ ಊಹಿಸಬಲ್ಲ, ಊಹಿಸಿದ ಮೇಲೂ ನಡೆಯುವ ಹಾದಿ ದೀರ್ಘವಾಗಿ ಉಳಿದಿರುತ್ತದೆ. ನೋವು ನಿಜವಾದದ್ದೇ, ಚಿತ್ರ ಅದನ್ನು ಒಂದೆರಡು ಸಲ ಹೆಚ್ಚೇ ಒತ್ತಿ ಹೇಳುತ್ತದೆ. ಚಿಕ್ಕ ಮಕ್ಕಳ ಜೊತೆ ಕೂತು ನೋಡುವವರು ಮೊದಲು ತಾವೊಮ್ಮೆ ನೋಡುವುದು ಒಳ್ಳೆಯದು.

ಈ ಬಗೆಯ ಚಿತ್ರಗಳ ರುಚಿ ಇಲ್ಲದವರಿಗೆ ‘ತಿಥಿ’ಯಿಂದ ಆರಂಭಿಸಲು ಹೇಳುತ್ತೇನೆ. ರಾಮ್ ರೆಡ್ಡಿಯವರ ಈ ಚಿತ್ರ 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆದದ್ದು. ಮಂಡ್ಯ ಸೀಮೆಯ ಮಾತು, ಅಲ್ಲಿಯದೇ ಜನ, ನೂರೊಂದು ವರ್ಷದ ಮುದುಕನ ಸಾವು, ಹೊಟ್ಟೆ ಹಿಡಿದು ನಗಿಸುವ ಮೂರು ತಲೆಮಾರು. ಮಂಡ್ಯದ ಮಾತು ನಮಗೆ ಅರ್ಧ ತಿಳಿಯದಿದ್ದರೂ ಚಿತ್ರ ಪೂರ್ತಿ ತಿಳಿಯುತ್ತದೆ. ಹಾಗಿದ್ದ ಮೇಲೆ ನಮ್ಮ ‘ಐತಿ’, ‘ಅದ’ಗಳು ದಕ್ಷಿಣದವರಿಗೆ ತಿಳಿಯುವುದಿಲ್ಲವೆಂಬ ನಿರ್ಮಾಪಕರ ಹಳೆಯ ನೆಪಕ್ಕೆ ಅರ್ಥವಿಲ್ಲ. ಹಿರಿಯರಿಗಾದರೆ ನಾಗಾಭರಣ ಅವರ 1997ರ ‘ನಾಗಮಂಡಲ’ ಇದ್ದೇ ಇದೆ; ಕಾರ್ನಾಡರ ನಾಟಕ, ಅಶ್ವಥ್ ಅವರ ಸಂಗೀತ, ಕುರುಡವ್ವನಾಗಿ ಬಿ. ಜಯಶ್ರೀ. ಇಷ್ಟು ಹೇಳಿದರೆ ನಮ್ಮ ಅವ್ವಂದಿರು ಕೂಡಲೇ ಕೂರುತ್ತಾರೆ.

ಚಿತ್ರಮಂದಿರದಲ್ಲಿ ನೋಡಿರೆಂದು ಹೇಳಲು ನನಗೂ ಆಸೆಯಿದೆ. ಆದರೆ ಕಳೆದ ವರ್ಷ ಇಂಥದೇ ಸಣ್ಣ ಕನ್ನಡ ಚಿತ್ರವೊಂದಕ್ಕೆ ನಮ್ಮೂರಿನ ಚಿತ್ರಮಂದಿರವೊಂದು ದಿನಕ್ಕೆ ಒಂದೇ ಆಟ, ಅದೂ ಬೆಳಿಗ್ಗೆ ಹತ್ತೂವರೆಗೆ, ಇಟ್ಟಿತ್ತು. ರಜೆ ಹಾಕಿ ಹೋದರೆ ಟಿಕೆಟ್ ಕೊಡುವ ಹುಡುಗ ‘ಹತ್ತ ಮಂದಿ ಆಗ್ಲಿ ಸರ್, ಚಾಲೂ ಮಾಡ್ತೀವಿ’ ಎಂದ. ಹನ್ನೊಂದರವರೆಗೆ ನಾವು ಆರು ಮಂದಿ ಕಾದೆವು. ಉಳಿದ ನಾಲ್ಕು ಟಿಕೆಟ್‌ಗಳನ್ನೂ ನಾವೇ ಕೊಳ್ಳುತ್ತೇವೆಂದು ಅಕ್ಕ ಹೇಳಿದರು. ಅಷ್ಟರಲ್ಲಿ ಮ್ಯಾನೇಜರ್ ಬಂದು, ಆ ಪರದೆಯನ್ನು ತೆಲುಗು ಚಿತ್ರಕ್ಕೆ ಕೊಟ್ಟಾಗಿದೆ ಎಂದರು. ಹೀಗಾಗಿ ನಾವೀಗ ಮನೆಯ ಗೋಡೆಗೆ ಬಿಳಿ ಪಂಚೆ ಕಟ್ಟಿ, ಬಾಡಿಗೆಯ ಪ್ರೊಜೆಕ್ಟರ್ ಇಟ್ಟುಕೊಂಡು ನೋಡುವ ಅಭ್ಯಾಸ ಮಾಡಿಕೊಂಡಿದ್ದೇವೆ. ಕಡೆಯಪಕ್ಷ ಮೊಬೈಲಿನಲ್ಲಿ ನೋಡಬೇಡಿರಿ. ಶಿವಮ್ಮನ ಮುಖ ಅಂಗೈ ಅಗಲದಲ್ಲಿ ಹಿಡಿಸುವಂಥದ್ದಲ್ಲ.

ಹಾಗೆ ಪಂಚೆಯ ಮೇಲೆ ‘ಶಿವಮ್ಮ’ ಹಾಕಿದ ರಾತ್ರಿ ಚಿಗವ್ವ ನಮ್ಮ ಮನೆಯಲ್ಲಿಯೇ ಇದ್ದರು. ಅವರಿಗೆ ನೋವಾದೀತೆಂದು ಮೊದಲೇ ಕಥೆ ಹೇಳಿ, ಬೇಡವಾದರೆ ಮಲಗಿರಿ ಎಂದಿದ್ದೆ. ಗೋಡೆಗೆ ಒರಗಿ, ಸೆರಗು ಹೊದ್ದುಕೊಂಡು, ಒಂದು ಮಾತಾಡದೆ ಕೊನೆಯವರೆಗೂ ನೋಡಿದರು. ಹೆಸರುಗಳು ಮೇಲೇರತೊಡಗಿದಾಗ ನನ್ನ ಕಡೆ ತಿರುಗಿ ಕೇಳಿದರು: ‘ಉಳಿದ ಮಾಲ್ ಕಂಪನಿಯವ್ರು ಆಕಿಂದೂ ವಾಪಸ್ ತಗೊಂಡಿಲ್ಲೇನಪಾ?’