ಕೈಯಲ್ಲೇ ಚಿತ್ರ ಬರೆದುಕೊಡುತ್ತೇವೆ ಎಂದರೆ ನಂಬಿ ಮೊಬೈಲ್ ಕವರ್ ಮಾಡಿಸಬೇಡಿ

ಹಳೆಯ ಪ್ರಯಾಣದ ನೆನಪನ್ನು ಚಿತ್ರವಾಗಿ ಬರೆಸಿ ಮೊಬೈಲ್ ಕವರಿನ ಮೇಲೆ ಅಚ್ಚು ಹಾಕಿಸಬೇಕೆಂದಿರುವವರು ಹಣ ಕಳುಹಿಸುವ ಮುನ್ನ ದಯವಿಟ್ಟು ಇದನ್ನು ಓದಿ. ನನಗೆ 7,800 ರೂಪಾಯಿ ಹೋಯಿತು; ಅದು ಹೋಗಲಿ, ನೆಂಟರೆಲ್ಲ ಸೇರಿದ್ದ ಕಡೆ ನಗೆಪಾಟಲಾದೆ.

ಅಪ್ಪನ ಅರವತ್ತರ ಶಾಂತಿಗೆ ಹತ್ತಿರದ 12 ಮಂದಿಗೆ ಒಂದೊಂದು ಕವರ್ ಕೊಡಬೇಕೆಂದಿದ್ದೆ. ಹಳಿಗಳ ನಡುವಿನ ಅಗಲ ಕಡಿಮೆಯಿದ್ದ ಮೀಟರ್ ಗೇಜ್ ಕಾಲದಲ್ಲಿ ಶಿವಮೊಗ್ಗ–ತಾಳಗುಪ್ಪ ನಡುವೆ ರೈಲ್‌ಬಸ್ ಓಡುತ್ತಿತ್ತು. ಬಸ್ಸನ್ನೇ ಎತ್ತಿ ಹಳಿಯ ಮೇಲೆ ಇಟ್ಟಂತಿದ್ದ ಆ ಗಾಡಿಯಲ್ಲಿ ಕುಂಸಿ, ಅರಸಾಳು, ಸಾಗರ ದಾಟಿ ನಾವೆಲ್ಲ ಅಜ್ಜನ ಮನೆಗೆ ಹೋಗುತ್ತಿದ್ದೆವು. ಕವರ್ ಮಾಡಿಕೊಡುವವರಿಗೆ ರೈಲ್‌ಬಸ್ಸಿನ ಎರಡು ಫೋಟೋಗಳನ್ನೂ ಅಪ್ಪ ಜೋಪಾನ ಮಾಡಿದ್ದ ರಟ್ಟಿನ ಟಿಕೆಟ್ಟಿನ ಸ್ಕ್ಯಾನನ್ನೂ ಕಳುಹಿಸಿ, ನಿಲ್ದಾಣದ ಹಳದಿ ಹಲಗೆಯ ಮೇಲೆ ಕಪ್ಪಕ್ಷರದಲ್ಲಿ ಊರ ಹೆಸರು, ಹಿಂದೆ ಅಡಿಕೆ ತೋಟ ಎಂದು ವಿವರವಾಗಿ ಬರೆದೆ. "ಪೂರ್ತಿ ಕೈಯಲ್ಲೇ ಬರೆಯುತ್ತೇವೆ ಸರ್" ಎಂದರು. ಅರ್ಧ ಹಣ ಮುಂಗಡ ಕೊಟ್ಟೆ.

ವಾಟ್ಸಾಪಿನಲ್ಲಿ ಪುಟ್ಟದೊಂದು ಮಾದರಿ ಬಂದಾಗ ಅಡುಗೆಯವರ ಜೊತೆ ಮಾತಿನಲ್ಲಿದ್ದ ನಾನು, ದೊಡ್ಡದು ಮಾಡಿ ನೋಡದೆ "ಓಕೆ" ಎಂದು ಕಳುಹಿಸಿ ಉಳಿದ ಹಣವನ್ನೂ ಕೊಟ್ಟೆ. ತಪ್ಪು ನನ್ನದೇ, ಒಪ್ಪುತ್ತೇನೆ.

ಶಾಂತಿಯ ದಿನ ಎಲ್ಲರೆದುರು ಡಬ್ಬಿ ಬಿಚ್ಚಿದೆ. ರೈಲ್‌ಬಸ್ ಇರಬೇಕಾದಲ್ಲಿ ಹೊಗೆಯುಗುಳುವ ಉಗಿ ಎಂಜಿನ್, ಅಡಿಕೆ ತೋಟವಿರಬೇಕಾದಲ್ಲಿ ಪೈನ್ ಮರಗಳು ಮತ್ತು ಹಿಮದ ಬೆಟ್ಟ! ಕ್ಯಾಮೆರಾ ತೂತು ಟಿಕೆಟ್ಟಿನ ನಡುವೆಯೇ ಕೊರೆದಿತ್ತು. ಪಕಾರದ ಒತ್ತು ಕೆಳಗಿಳಿಯದೆ ಪಕ್ಕದಲ್ಲಿ ನಿಂತು, ಹಲಗೆಯ ಮೇಲೆ "ತಾಳಗುಪ್‌ಪ" ಎಂದಿತ್ತು. ಚಿಕ್ಕಪ್ಪ ಅದನ್ನು ಗಟ್ಟಿಯಾಗಿ ಓದಿ, "ಇದು ಯಾವ ದೇಶದ ಊರೋ?" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಬೇರೆ ದಾರಿ ಇರಲಿಲ್ಲ.

ಆ ರಾತ್ರಿ ಚಿತ್ರವನ್ನು ಗೂಗಲ್ ಲೆನ್ಸಿನಲ್ಲಿ ಹುಡುಕಿದಾಗ ಅದೇ ಎಂಜಿನ್, ಅದೇ ಮರ, ಅದೇ ಹೊಗೆಯ ಸುರುಳಿ, ಯಾರು ಬೇಕಾದರೂ ಕೊಳ್ಳಬಹುದಾದ ಸಿದ್ಧ ಚಿತ್ರಗಳ ತಾಣವೊಂದರಲ್ಲಿ ಸಿಕ್ಕಿತು. ಇವರು ಬದಲಿಸಿದ್ದು ಹಲಗೆಯ ಹೆಸರನ್ನು ಮಾತ್ರ, ಅದನ್ನೂ ತಪ್ಪಾಗಿ. ನಾನು ಕುಳಿತು ಬರೆದ ಒಂದೂವರೆ ಪುಟವನ್ನು ಅವರು ಓದಿಯೇ ಇರಲಿಲ್ಲ ಎಂಬುದು ಆಗ ಹೊಳೆಯಿತು.

ಕೇಳಿದ್ದಕ್ಕೆ ಬಂದ ಉತ್ತರಗಳು: "ಅದು ರೆಫರೆನ್ಸ್ ಅಷ್ಟೇ ಸರ್, ಆರ್ಟಿಸ್ಟ್ ಸ್ವಾತಂತ್ರ್ಯ ಇರುತ್ತದೆ." ಒತ್ತಕ್ಷರದ ಬಗ್ಗೆ: "ನಿಮ್ಮ ಫೋನಿನಲ್ಲಿ ಫಾಂಟ್ ಸಪೋರ್ಟ್ ಇಲ್ಲದಿರಬಹುದು." ಅಚ್ಚಾದ ಕವರನ್ನು ಕೈಯಲ್ಲಿ ಹಿಡಿದು ನೋಡುತ್ತಿರುವವನಿಗೆ ಈ ಉತ್ತರ! ಕೊನೆಗೆ ನನ್ನ "ಓಕೆ"ಯ ಸ್ಕ್ರೀನ್‌ಶಾಟ್ ಕಳುಹಿಸಿ, "ಕಸ್ಟಮ್ ಐಟಂ ವಾಪಸ್ ಇಲ್ಲ" ಎಂದರು. ಅದೇ ಸ್ಕ್ರೀನ್‌ಶಾಟನ್ನು ಮೂರು ಸಲ ಕಳುಹಿಸಿದರು.

ಪೆನ್ಸಿಲ್ ಕರಡನ್ನು ನೋಡದೆ ಮುಂಗಡ ಕೊಡಬೇಡಿ. ನಿಮ್ಮ ಫೋನಿನ ಮಾಡೆಲ್‌ಗೆ ಕ್ಯಾಮೆರಾ ತೂತು ಎಲ್ಲಿ ಬರುತ್ತದೆಂದು ಚಿತ್ರದ ಮೇಲೆಯೇ ಗುರುತು ಹಾಕಿಸಿ, ಕನ್ನಡ ಅಕ್ಷರಗಳನ್ನು ಅಚ್ಚಿಗೆ ಹೋಗುವ ಫೈಲಿನಲ್ಲಿಯೇ ಒಂದೊಂದಾಗಿ ಓದಿ. ಹೇಳಿದಂತಿಲ್ಲದ ವಸ್ತುವನ್ನು ಮಾರಿದವರು ಹಿಂಪಡೆಯಲು ನಿರಾಕರಿಸಬಾರದೆಂದು 2020ರ ಇ-ಕಾಮರ್ಸ್ ನಿಯಮಗಳಲ್ಲಿದೆ. ಅದನ್ನು ತಿಳಿಸಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟೆನೆಂದು ಬರೆದ ಮೇಲೆ ಅವರಿಂದ ಬಂದದ್ದು ಇಷ್ಟು: "ದೂರು ವಾಪಸ್ ತೆಗೆದರೆ ಮುಂದಿನ ಆರ್ಡರ್‌ಗೆ 20% ರಿಯಾಯಿತಿ ಕೊಡುತ್ತೇವೆ ಸರ್."